ಗ್ರಾಫಿನ ಗೆರೆ ಗೆರೆಯಾಗಿಯೇ ಪುಟ ಸೇರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಮಳೆಗಾಲದ ದಿನಗಳಲ್ಲಿ ಪತ್ರಿಕೆ ಕೈಗೆ ಬಂದೊಡನೆ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ನೋಡಿ, ಆಮೇಲೆ ಉಳಿದ ಸುದ್ದಿಗೆ ಹೋಗುವ ರೂಢಿ ಬಾಗಲಕೋಟೆಯ ಬಹಳಷ್ಟು ಮನೆಗಳಲ್ಲಿದೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್ ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಅಂಕಿ. ಆ ಹಿನ್ನೀರಿಗಾಗಿ ಹಳೆಯ ಊರಿನ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದು ನೆಲೆಸಿದವರು ನಾವು. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾಗಿರುವ ನಾನು, ಅದೇ ನೀರಿನ ಮಟ್ಟವನ್ನು ವಿಷಯವಾಗಿ ಉಳ್ಳ ಒಂದು ಪಿಎಚ್.ಡಿ. ಪ್ರಬಂಧಕ್ಕೆ ಈಚೆಗೆ ಒದಗಿದ ತೊಂದರೆಯನ್ನು ತಮ್ಮ ಓದುಗರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಗಣಕದಲ್ಲಿ ಅಂಕಿಗಳಿಂದ ಬರೆದ ಗ್ರಾಫನ್ನು ವರ್ಡ್‌ನಂಥ ಬರಹದ ತಂತ್ರಾಂಶದ ಪುಟಕ್ಕೆ ಕೆಡದಂತೆ ತರುವುದು ಹೇಗೆ ಎಂಬುದು ಪ್ರಶ್ನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಪ್ರಬಂಧ ಬರೆಯುತ್ತಿರುವ ನೂರಾರು ವಿದ್ಯಾರ್ಥಿಗಳಿಗೆ ಇದು ಪ್ರತಿ ವರ್ಷವೂ ಎದುರಾಗುತ್ತಿದ್ದರೂ ಯಾರೂ ಇದನ್ನು ಕೂತು ಕಲಿಸಿದ್ದನ್ನು ನಾನು ಕಂಡಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬೀಳಗಿ ತಾಲ್ಲೂಕಿನ ರೈತರ ಮನೆಯವಳು, ಹಿನ್ನೀರಿನ ಏರಿಳಿತಕ್ಕೂ ಸುತ್ತಲಿನ ಊರುಗಳ ಬೆಳೆಗಳ ಬದಲಾವಣೆಗೂ ಇರುವ ಸಂಬಂಧವನ್ನು ಕುರಿತು ಐದು ವರ್ಷ ದುಡಿದು, ಕನ್ನಡದಲ್ಲಿಯೇ ಪ್ರಬಂಧ ಬರೆದು ಸಲ್ಲಿಸಿದಳು. ಅದರಲ್ಲಿ 31 ಗ್ರಾಫ್‌ಗಳಿವೆ. ಅವಳ ವಾದವೆಲ್ಲ ನಿಂತಿರುವುದು ಆ ಗ್ರಾಫ್‌ಗಳ ಮೇಲೆ. ಕೆಲವು ತಿಂಗಳ ನಂತರ ಪ್ರಬಂಧ ತಿದ್ದುಪಡಿಗೆಂದು ಹಿಂದಿರುಗಿ ಬಂತು. ಬಾಹ್ಯ ಪರೀಕ್ಷಕರು ಬರೆದ ಆಕ್ಷೇಪಗಳು ಎರಡೇ ಇದ್ದವು: ಗ್ರಾಫ್‌ಗಳಲ್ಲಿ ನಾಲ್ಕು ವರ್ಷಗಳ ಗೆರೆಗಳು ಒಂದರೊಳಗೊಂದು ಕಲಸಿಹೋಗಿ ಯಾವುದು ಯಾವ ವರ್ಷದ್ದು ಎಂದು ತಿಳಿಯುವುದಿಲ್ಲ, ಅಕ್ಷಗಳ ಮೇಲಿನ ಕನ್ನಡ ಪದಗಳು ಒಡೆದುಹೋಗಿವೆ. ಎರಡೂ ಆಕ್ಷೇಪಗಳು ನ್ಯಾಯವಾದವೇ. ಅಂಕಿಗಳಲ್ಲಿ ತಪ್ಪಿರಲಿಲ್ಲ, ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೂ ಐದು ಪ್ರತಿಗಳನ್ನು ಮತ್ತೆ ಮುದ್ರಿಸಿ ಬೈಂಡಿಂಗ್ ಮಾಡಿಸುವ ಖರ್ಚು, ಮೌಖಿಕ ಪರೀಕ್ಷೆ ಮುಂದಕ್ಕೆ ಹೋದ ಸಂಕಟ ಅವಳ ಪಾಲಿಗೆ ಬಂದವು. ಅವಳು ಮನೆಗೆ ಬಂದು ಆ ಪುಟಗಳನ್ನು ಮೇಜಿನ ಮೇಲೆ ಹರಡಿ, “ಸರ್, ನನ್ನ ಲ್ಯಾಪ್‌ಟಾಪಿನ್ಯಾಗ ಚಲೋ ಕಾಣತಾವ್ರೀ” ಎಂದಾಗ ನನಗೆ ನಿಜವಾಗಿ ನೋವಾಯಿತು.

ಗ್ರಾಫ್ ಎಲ್ಲಿ ಕೆಟ್ಟಿತು ಎಂದು ಇಬ್ಬರೂ ಕೂತು ಹಿಂದಿನಿಂದ ಹುಡುಕುತ್ತ ಹೋದೆವು. ಅವಳು ಬಳಸಿದ್ದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಎಂಬ, ಬೆಲೆ ಇಲ್ಲದೆ ಸಿಗುವ, ಬಹಳ ಸಮರ್ಥವಾದ ತಂತ್ರಾಂಶವನ್ನು. ಏನನ್ನೂ ಹೇಳದೆ ಉಳಿಸು ಎಂದರೆ ಅದು ಗ್ರಾಫನ್ನು ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿಗಳ ಪಿಎನ್‌ಜಿ ಚಿತ್ರವಾಗಿ ಬರೆದಿಡುತ್ತದೆ. ಪರದೆಯ ಮೇಲೆ ನೋಡಲು ಅದು ಸಾಕು. ಆ ಚಿತ್ರವನ್ನು ಅವಳು ಡಿಟಿಪಿ ಕೇಂದ್ರದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದಳು. ಹಾಗೆ ಕಳುಹಿಸಿದ ಫೋಟೋವನ್ನು ವಾಟ್ಸ್‌ಆ್ಯಪ್ ಹಿಂಡಿ ಚಿಕ್ಕದು ಮಾಡಿಯೇ ಮುಟ್ಟಿಸುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮಾತ್ರ ಇದ್ದದ್ದು ಇದ್ದಹಾಗೆ ಹೋಗುತ್ತದೆ. ಡಿಟಿಪಿಯವರು ಅದನ್ನು ಅಡ್ಡ ಪುಟದ 24 ಸೆಂ.ಮೀ. ಅಗಲಕ್ಕೆ ಮೂಲೆ ಹಿಡಿದು ಎಳೆದರು. 640 ಚುಕ್ಕಿಗಳನ್ನು ಅಷ್ಟು ಅಗಲಕ್ಕೆ ಹಂಚಿದರೆ ಒಂದು ಅಂಗುಲಕ್ಕೆ 70 ಚುಕ್ಕಿಯೂ ಸಿಗುವುದಿಲ್ಲ, ಆದರೆ ಅಂಗಡಿಯ ಲೇಸರ್ ಮುದ್ರಕ ಅಂಗುಲಕ್ಕೆ 600 ಚುಕ್ಕಿಗಳಲ್ಲಿ ಮುದ್ರಿಸಬಲ್ಲದು. ಪ್ರಬಂಧದ ಮಾರ್ಗಸೂಚಿಯಲ್ಲಿ “ಚಿತ್ರಗಳು ಜೆಪೆಗ್ ರೂಪದಲ್ಲಿ, 300 ಡಿಪಿಐ ಇರಬೇಕು” ಎಂದಿತ್ತು; ಡಿಪಿಐ ಎಂದರೆ ಒಂದು ಅಂಗುಲಕ್ಕೆ ಇರುವ ಚುಕ್ಕಿಗಳ ಎಣಿಕೆ. ಅದಕ್ಕಾಗಿ ಡಿಟಿಪಿಯವರು ಫೋಟೋಶಾಪ್‌ನಲ್ಲಿ 300 ಎಂದು ನಮೂದಿಸಿ ಜೆಪೆಗ್ ಆಗಿ ಉಳಿಸಿದರು. ಹೀಗೆ ಮಾಡಿದಾಗ ಇಲ್ಲದ ಚುಕ್ಕಿಗಳನ್ನು ತಂತ್ರಾಂಶ ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿ ತುಂಬುತ್ತದೆಯೇ ಹೊರತು ಕಳೆದುಹೋದ ಗೆರೆ ತಿರುಗಿ ಬರುವುದಿಲ್ಲ. ಇನ್ನು ಜೆಪೆಗ್ ಎಂಬುದು ಛಾಯಾಚಿತ್ರಗಳಿಗೆಂದು ರೂಪುಗೊಂಡ ಪದ್ಧತಿ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕಗಳಾಗಿ ಚಿತ್ರವನ್ನು ಒಡೆದು ಹಿಂಡುವ ಅದು ಮುಖ, ಮೋಡ, ಹೊಲಗಳಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಬಿಳಿ ಹಾಳೆಯ ಮೇಲಿನ ತೆಳು ಗೆರೆಯ ಅಂಚಿನಲ್ಲಿ ಬೂದು ಧೂಳು ಎಬ್ಬಿಸುತ್ತದೆ. ಕೊನೆಗೆ ವರ್ಡ್ ಕಡತವನ್ನು ಉಳಿಸುವಾಗ, ಅದರ ಹಲವು ಆವೃತ್ತಿಗಳಲ್ಲಿ ಮೊದಲೇ ಹೊಂದಿಸಿಟ್ಟಿರುವಂತೆ, ಚಿತ್ರಗಳು ಅಂಗುಲಕ್ಕೆ 220 ಚುಕ್ಕಿಗೆ ಮತ್ತೊಮ್ಮೆ ಇಳಿದವು. ಇಷ್ಟು ಕೈ ದಾಟಿ ಬಂದ ಗೆರೆ ಪರೀಕ್ಷಕರ ಕಣ್ಣಿಗೆ ಸ್ಪಷ್ಟವಾಗಿ ಬೀಳಬೇಕೆಂದರೆ ಹೇಗೆ ಸಾಧ್ಯ?

ಇದಕ್ಕೆ ಪರಿಹಾರ ಹೆಚ್ಚು ಚುಕ್ಕಿಗಳನ್ನು ಕೊಡುವುದು ಎಂದು ಅನೇಕ ಮಾರ್ಗದರ್ಶಕರು ಹೇಳುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ನಮ್ಮ ಭಾಗದ ಓದುಗರಿಗೆ ಭೂಸ್ವಾಧೀನದ ಕಾಗದಪತ್ರಗಳ ಪರಿಚಯ ಚೆನ್ನಾಗಿಯೇ ಇರುವುದರಿಂದ ಒಂದು ಹೋಲಿಕೆ ಕೊಡುತ್ತೇನೆ. ಒಂದು ಹೊಲವನ್ನು ಇನ್ನೊಬ್ಬರಿಗೆ ತಿಳಿಸಲು ಎರಡು ದಾರಿಗಳಿವೆ. ಹೊಲದ ಫೋಟೋ ತೆಗೆದು ಕೊಡಬಹುದು. ಅಥವಾ ಯಾವ ಕಲ್ಲಿನಿಂದ ಯಾವ ದಿಕ್ಕಿಗೆ ಎಷ್ಟು ಅಳತೆ, ಅಲ್ಲಿಂದ ಎತ್ತ ತಿರುಗಿ ಎಷ್ಟು ಅಳತೆ ಎಂದು ಚಕ್ಕುಬಂದಿಯನ್ನೂ ಅಳತೆಯನ್ನೂ ಬರೆದು ಕೊಡಬಹುದು. ಫೋಟೋವನ್ನು ಹಿಗ್ಗಿಸಿದಷ್ಟೂ ಅದು ಮಬ್ಬಾಗುತ್ತದೆ. ಅಳತೆ ಬರೆದ ಕಾಗದದಿಂದಾದರೋ ಅಂಗೈ ಅಗಲದ ನಕಾಶೆಯನ್ನೂ ಬರೆಯಬಹುದು, ಗೋಡೆ ಅಗಲದ ನಕಾಶೆಯನ್ನೂ ಬರೆಯಬಹುದು, ಗೆರೆ ಎರಡರಲ್ಲೂ ಒಂದೇ ಚೊಕ್ಕಟವಾಗಿರುತ್ತದೆ. ಪಿಎನ್‌ಜಿ, ಜೆಪೆಗ್‌ಗಳು ಮೊದಲನೆಯ ಬಗೆ. ವೆಕ್ಟರ್ ಚಿತ್ರ ಎಂದು ಕರೆಯುವುದು ಎರಡನೆಯ ಬಗೆಯನ್ನು: ಇಲ್ಲಿಂದ ಇಲ್ಲಿಗೆ ಇಷ್ಟು ದಪ್ಪದ ನೀಲಿ ಗೆರೆ, ಇಲ್ಲೊಂದು ಅಕ್ಷರ, ಇಲ್ಲೊಂದು ವೃತ್ತ ಎಂಬ ಸೂಚನೆಗಳ ಪಟ್ಟಿ ಅದು. ಗ್ರಾಫ್ ಹುಟ್ಟುವುದೇ ಇಂಥ ಅಳತೆಗಳಿಂದ. ನಮ್ಮ ಕಾಲದಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ಮೊಳೆಯಂತೆ ಮೊನಚು ಮಾಡಿದ ಪೆನ್ಸಿಲ್ಲಿನಿಂದ ಜೋಡಿಸುತ್ತಿದ್ದೆವು. ಅಲ್ಲಿ ಇದ್ದದ್ದೂ ಬಿಂದು ಮತ್ತು ಗೆರೆಗಳೇ. ಅಳತೆಯಾಗಿ ಹುಟ್ಟಿದ್ದನ್ನು ಫೋಟೋ ಮಾಡಿ, ಆ ಫೋಟೋಗೆ 300, 600 ಎಂದು ಚುಕ್ಕಿ ಎಣಿಸುವುದಕ್ಕಿಂತ ಅಳತೆಯಾಗಿಯೇ ಪುಟಕ್ಕೆ ಒಯ್ಯುವುದು ಸರಿಯಾದ ಕ್ರಮ.

ಹಾಗಾದರೆ ಎಲ್ಲರೂ ಅದನ್ನೇ ಏಕೆ ಮಾಡುವುದಿಲ್ಲ ಎಂದರೆ, ಈ ಸೂಚನೆಗಳ ಪಟ್ಟಿಯನ್ನು ಬರೆಯುವ ಭಾಷೆಗಳು ಹಲವಿದ್ದು, ಅವು ಒಂದೊಂದೂ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿವೆ. ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್ 1984ರಲ್ಲಿ ಬಂದದ್ದು ಮುದ್ರಕಗಳಿಗಾಗಿ. ಅದರ ಒಂದು ರೂಪವೇ ಇಪಿಎಸ್. ಇಎಂಎಫ್ ಎಂಬ ಮೆಟಾಫೈಲ್ 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದದ್ದು, ವಿಂಡೋಸ್ ತಾನು ಗೆರೆ ಎಳೆಯುವ ಆಜ್ಞೆಗಳನ್ನೇ ಕಡತದಲ್ಲಿ ಬರೆದಿಡುವ ಕ್ರಮ. ಎಸ್‌ವಿಜಿ 2001ರಲ್ಲಿ ಅಂತರ್ಜಾಲದ ಪುಟಗಳಿಗೆಂದು ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ ಒಪ್ಪಿ ಹೊರತಂದ ಮಾನದಂಡ. ಗ್ರಾಫ್ ಬರೆಯುವ ತಂತ್ರಾಂಶಗಳಾದರೋ ಹೆಚ್ಚಾಗಿ ಪ್ರಯೋಗಾಲಯಗಳಲ್ಲಿ, ವಿಜ್ಞಾನಿಗಳ ಕೈಯಲ್ಲಿ ಬೆಳೆದಂಥವು. 1986ರಿಂದ ಇರುವ ಗ್ನೂಪ್ಲಾಟ್‌ಗೆ, ಆಮೇಲಿನ ಆರ್ (R) ಮತ್ತು ಮ್ಯಾಟ್‌ಪ್ಲಾಟ್‌ಲಿಬ್‌ಗಳಿಗೆ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್ ಮನೆಮಾತು. ವರ್ಡ್ ಬೆಳೆದದ್ದು ಕಚೇರಿಯ ಪತ್ರ ವ್ಯವಹಾರಕ್ಕಾಗಿ. ಇವೆರಡರ ನಡುವೆ ದುಭಾಷಿಯ ಕೆಲಸ ಮಾಡಬೇಕಾದವನು ಪ್ರಬಂಧ ಬರೆಯುವ ವಿದ್ಯಾರ್ಥಿ, ಅವನಿಗೆ ಆ ಭಾಷೆಗಳ ಹೆಸರನ್ನೂ ಯಾರೂ ಹೇಳಿರುವುದಿಲ್ಲ.

ನಾವು ಮೊದಲು ಪ್ರಯತ್ನಿಸಿದ್ದು ಇಪಿಎಸ್. ನನ್ನ ಸೇವೆಯ ಕಾಲದಲ್ಲಿ ಅದೇ ಒಳ್ಳೆಯ ದಾರಿ ಎಂದು ಕೇಳಿದ್ದೆ. ಆಗಲೂ ಪರದೆಯ ಮೇಲೆ ಒರಟು ಮುನ್ನೋಟವಷ್ಟೇ ಕಾಣಿಸಿ, ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಮುದ್ರಕ ಇದ್ದಲ್ಲಿ ಮಾತ್ರ ಕಾಗದದ ಮೇಲೆ ಸರಿಯಾಗಿ ಬರುತ್ತಿತ್ತು. ಈಗ ವರ್ಡ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕಾರಣ ಸಕಾರಣವಾದದ್ದೇ. ಪೋಸ್ಟ್‌ಸ್ಕ್ರಿಪ್ಟ್ ನಿಜವಾಗಿ ಒಂದು ಪ್ರೋಗ್ರಾಮಿಂಗ್ ಭಾಷೆ. ಇಪಿಎಸ್ ಚಿತ್ರದ ಒಳಗೆ ಕೇಡಿನ ಆಜ್ಞೆಗಳನ್ನು ಅಡಗಿಸಿ ಗಣಕಗಳಿಗೆ ನುಗ್ಗುವ ಪ್ರಕರಣಗಳು ನಡೆದದ್ದರಿಂದ ಮೈಕ್ರೋಸಾಫ್ಟ್ 2017ರ ಏಪ್ರಿಲ್‌ನ ಭದ್ರತಾ ಪರಿಷ್ಕರಣೆಯಲ್ಲಿ ಆಫೀಸ್‌ನಲ್ಲಿ ಇಪಿಎಸ್ ತೆರೆಯುವ ಸೌಲಭ್ಯವನ್ನೇ ನಿಲ್ಲಿಸಿತು. ಆದರೂ ಹಳೆಯ ಸಲಹೆಗಳನ್ನು ನಂಬಿ ಇಂದಿಗೂ ಇಪಿಎಸ್ ಹಿಡಿದು ಒದ್ದಾಡುವ ವಿದ್ಯಾರ್ಥಿಗಳಿದ್ದಾರೆ. ಪಿಡಿಎಫ್ ಕೂಡ ವಿಂಡೋಸ್‌ನ ವರ್ಡ್‌ಗೆ ಚಿತ್ರವಾಗಿ ಒಗ್ಗುವುದಿಲ್ಲ. ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶ ಬಳಸುವ ಗಣಿತ, ಭೌತಶಾಸ್ತ್ರದವರಿಗೆ ಪಿಡಿಎಫ್ ಗ್ರಾಫ್ ನೇರವಾಗಿ ಪುಟ ಸೇರುತ್ತದೆ, ಅವರಿಗೆ ಈ ಪತ್ರದ ಅಗತ್ಯವಿಲ್ಲ. ಆದರೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕೃಷಿ ವಿಷಯಗಳ ಬಹುತೇಕ ಪ್ರಬಂಧಗಳು ನಮ್ಮಲ್ಲಿ ಸಿದ್ಧವಾಗುವುದು ವರ್ಡ್‌ನಲ್ಲಿಯೇ.

ಎಸ್‌ವಿಜಿ ನಮಗೆ ಅರ್ಧ ದಾರಿಯವರೆಗೆ ನೆರವಾಯಿತು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕಡತದ ಹೆಸರಿನ ಕೊನೆಗೆ ಪಿಎನ್‌ಜಿ ಬದಲು ಎಸ್‌ವಿಜಿ ಎಂದು ಬರೆದರೆ ಸಾಕು, ವೆಕ್ಟರ್ ಚಿತ್ರ ಸಿದ್ಧ. ವಿದ್ಯಾರ್ಥಿನಿಯ ಲ್ಯಾಪ್‌ಟಾಪಿನಲ್ಲಿ ಹೊಸ ವರ್ಡ್ ಇದ್ದುದರಿಂದ ಅಲ್ಲಿ ಅದು ಸೊಗಸಾಗಿ ಬಂತು. ಡಿಟಿಪಿ ಕೇಂದ್ರದ ವರ್ಡ್ 2016ರಲ್ಲಿ ಮಾತ್ರ ಎಸ್‌ವಿಜಿ ಸೇರಿಸಲು ಆಗಲಿಲ್ಲ. ಆಫೀಸ್ 2019, ಅದರ ನಂತರದ ಆವೃತ್ತಿ ಅಥವಾ ಚಂದಾದಾರಿಕೆಯ ಆಫೀಸ್ ಇದ್ದರೆ ಮಾತ್ರ ಅದು ಸಾಧ್ಯ. ಹೊಸ ವರ್ಡ್ ತಾನು ಉಳಿಸುವ ಕಡತದಲ್ಲಿ ಎಸ್‌ವಿಜಿಯ ಜೊತೆಗೆ ಒಂದು ಪಿಎನ್‌ಜಿ ಪ್ರತಿಯನ್ನೂ ಇಟ್ಟಿರುತ್ತದೆ. ಹಳೆಯ ವರ್ಡ್ ಇರುವವರು ಆ ಕಡತವನ್ನು ತೆರೆದರೆ ಅವರಿಗೆ ಕಾಣುವುದು ಆ ಪಿಎನ್‌ಜಿಯೇ, ಮುದ್ರಣವಾಗುವುದೂ ಅದೇ. ಹೀಗಾಗಿ ಮನೆಯಲ್ಲಿ ಸ್ಪಷ್ಟವಾಗಿದ್ದ ಗ್ರಾಫ್ ಅಂಗಡಿಗೆ ಹೋದ ಮೇಲೆ ಮಬ್ಬಾಗುತ್ತದೆ, ದೂರು ಯಾರ ಮೇಲೆ ಹಾಕಬೇಕೆಂದು ತಿಳಿಯುವುದಿಲ್ಲ. ಡಿಟಿಪಿಯವರನ್ನು ನಾನು ದೂರುವುದಿಲ್ಲ. ಅವರು ರಾತ್ರಿ ಹತ್ತರವರೆಗೆ ಕೂತು ನಮ್ಮೊಂದಿಗೆ ಪ್ರತಿಯೊಂದು ಬಗೆಯನ್ನೂ ಪರೀಕ್ಷಿಸಿದರು.

ಇನ್ನು ಕನ್ನಡ ಅಕ್ಷರಗಳ ವಿಚಾರ. ಇದನ್ನು ನಾನು ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ತೊಡಕು ಇಲ್ಲದಿರುವುದರಿಂದ ಅವರ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ಸಿಗುವುದು ಕಡಿಮೆ. ಕನ್ನಡದ ಅಕ್ಷರಗಳು ಯೂನಿಕೋಡ್ ಎಂಬ, ಎಲ್ಲ ಗಣಕಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿಯಲ್ಲಿ ಒಂದರ ಹಿಂದೊಂದು ಬಿಡಿಬಿಡಿಯಾಗಿ ಸಂಗ್ರಹವಾಗಿರುತ್ತವೆ. “ಮಟ್ಟ” ಎಂಬ ಪದದಲ್ಲಿ ಮಕಾರ, ಟಕಾರ, ಹಲಂತದ ಚಿಹ್ನೆ, ಮತ್ತೊಂದು ಟಕಾರ ಎಂದು ನಾಲ್ಕು ಸಂಕೇತಗಳಿವೆ. ಎರಡನೆಯ ಟಕಾರ ಒತ್ತಾಗಿ ಕೆಳಗೆ ಇಳಿಯಬೇಕಾದರೆ ಅಕ್ಷರಗಳನ್ನು ಜೋಡಿಸುವ ಒಂದು ಯಂತ್ರ ತಂತ್ರಾಂಶದ ಒಳಗೆ ಕೆಲಸ ಮಾಡಬೇಕು. ನಾವು ಬಳಸಿದ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಯಲ್ಲಿ ಆ ಜೋಡಣೆ ಇರಲಿಲ್ಲ. ಅದು ಸಂಕೇತಗಳನ್ನು ಸಾಲಾಗಿ ಇಟ್ಟುಬಿಡುತ್ತಿತ್ತು. ಕನ್ನಡದ ಫಾಂಟ್ ಹೇಳದಿದ್ದರೆ ಬರೀ ಚೌಕಗಳು, ಹೇಳಿದರೆ ಒತ್ತು ಬೇರೆ, ಕೊಂಬು ಬೇರೆ. “ಕೃಷ್ಣಾ” ಎಂಬ ಹೆಸರು ಕಾಲು ಕೈ ಕಳಚಿ ಬಿದ್ದಂತೆ ಕಾಣುತ್ತಿತ್ತು. ಕನ್ನಡದಲ್ಲಿ ಪ್ರಬಂಧ ಬರೆಯುವ ಛಲ ತೊಟ್ಟವಳು ಗ್ರಾಫಿಗೆ ಬಂದಾಗ ಇಂಗ್ಲಿಷ್ ಪದಗಳಿಗೆ ಶರಣಾಗಬೇಕು ಎಂಬುದನ್ನು ನಾನು ಒಪ್ಪಲಾರೆ. ಕೆಲವರು ಹಳೆಯ ಎನ್‌ಕೋಡಿಂಗ್‌ನ ನುಡಿ, ಬರಹ ಫಾಂಟ್‌ಗಳಿಂದ ಇದನ್ನು ದಾಟುತ್ತಾರೆ. ಅಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುವುದರಿಂದ, ಆ ಫಾಂಟ್ ಇಲ್ಲದ ಇನ್ನೊಂದು ಗಣಕದಲ್ಲಿ ತೆರೆದ ಕೂಡಲೇ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ಯೂನಿಕೋಡ್‌ನಲ್ಲಿ ಬರೆಯುವುದೇ ಮೇಲು.

ನಮಗೆ ದಾರಿ ಸಿಕ್ಕಿದ್ದು ಹೀಗೆ. ಮ್ಯಾಟ್‌ಪ್ಲಾಟ್‌ಲಿಬ್ ಎಸ್‌ವಿಜಿ ಬರೆಯುವಾಗ ಅಕ್ಷರಗಳನ್ನು ಸಾಮಾನ್ಯವಾಗಿ ತಾನೇ ಗೆರೆಗಳಾಗಿ ಮಾಡಿಬಿಡುತ್ತದೆ, ಒಡೆದ ಕನ್ನಡ ಒಡೆದೇ ಉಳಿಯುತ್ತದೆ. ಅದರ ಎಸ್‌ವಿಜಿ ಫಾಂಟ್‌ಟೈಪ್ ಎಂಬ ಆಯ್ಕೆಗೆ ‘ನನ್’ (none) ಎಂದು ಕೊಟ್ಟರೆ ಅದು ಅಕ್ಷರಗಳನ್ನು ಮುಟ್ಟದೆ ಪಠ್ಯವಾಗಿಯೇ ಕಡತದಲ್ಲಿ ಬಿಡುತ್ತದೆ. ಆ ಕಡತವನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದಾಗ, ಇಂಕ್‌ಸ್ಕೇಪ್‌ನೊಳಗೆ ಕನ್ನಡ ಜೋಡಿಸುವ ವ್ಯವಸ್ಥೆ ಇರುವುದರಿಂದ, “ಕೃಷ್ಣಾ” ಮತ್ತು “ಮಟ್ಟ” ತಮ್ಮ ಸರಿಯಾದ ರೂಪದಲ್ಲಿ ಕಾಣಿಸಿಕೊಂಡವು. ಆ ಕ್ಷಣ ಅವಳ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆಯಲಾರೆ. ಆಮೇಲೆ ಎಲ್ಲವನ್ನೂ ಆಯ್ದು ಪಾಥ್ ಪಟ್ಟಿಯಲ್ಲಿರುವ ಆಬ್ಜೆಕ್ಟ್ ಟು ಪಾಥ್ ಆಜ್ಞೆಯಿಂದ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿದೆವು. ಇನ್ನು ಮುಂದೆ ಯಾವ ಗಣಕದಲ್ಲಿ ಯಾವ ಫಾಂಟ್ ಇದೆ, ಇಲ್ಲ ಎಂಬ ಚಿಂತೆ ಉಳಿಯುವುದಿಲ್ಲ. ಕೊನೆಗೆ ಅದನ್ನು ಇಎಂಎಫ್ ಆಗಿ ಉಳಿಸಿ ಅಂಗಡಿಯ ವರ್ಡ್ 2016ರಲ್ಲಿ ಚಿತ್ರ ಸೇರಿಸುವಂತೆ ಸೇರಿಸಿದೆವು. ಗೆರೆಗಳು ಕೂದಲೆಳೆಯಷ್ಟು ಸ್ಪಷ್ಟವಾಗಿ ಬಂದವು. ಹೀಗೆ ಗೆರೆಯಾದ ಅಕ್ಷರಗಳನ್ನು ಆಮೇಲೆ ಹುಡುಕಲಾಗುವುದಿಲ್ಲ ಎಂಬುದು ನಿಜ, ಆದರೆ ಗ್ರಾಫಿನ ಕೆಳಗಿನ ಶೀರ್ಷಿಕೆಯನ್ನು ವರ್ಡ್‌ನಲ್ಲಿಯೇ ಬೆರಳಚ್ಚು ಮಾಡುವುದರಿಂದ ಅದು ಹುಡುಕಲು ಸಿಗುತ್ತದೆ.

ಇಎಂಎಫ್‌ಗೂ ಮಿತಿಗಳಿವೆ. ಹಳೆಯ ಇಎಂಎಫ್‌ಗೆ ಪಾರದರ್ಶಕ ಬಣ್ಣ ಗೊತ್ತಿಲ್ಲ. ಅವಳ ಗ್ರಾಫ್‌ಗಳಲ್ಲಿ ಸರಾಸರಿ ಗೆರೆಯ ಹಿಂದೆ ಕನಿಷ್ಠ–ಗರಿಷ್ಠ ಮಟ್ಟಗಳ ನಡುವಿನ ಪಟ್ಟಿಯನ್ನು ತಿಳಿ ನೀಲಿಯ ಪಾರದರ್ಶಕ ಬಣ್ಣದಲ್ಲಿ ತುಂಬಲಾಗಿತ್ತು. ಅದು ಗಾಢ ನೀಲಿಯಾಗಿ ಗೆರೆಯನ್ನೇ ಮುಚ್ಚಿಬಿಟ್ಟಿತು. ಪಾರದರ್ಶಕತೆಯನ್ನು ಬಿಟ್ಟು, ತಿಳಿಯಾದ ಸಾದಾ ಬಣ್ಣವನ್ನೇ ಆರಿಸಿ, ಪಟ್ಟಿಯನ್ನು ಮೊದಲು, ಗೆರೆಯನ್ನು ಅದರ ಮೇಲೆ ಬರೆದಾಗ ಸರಿಹೋಯಿತು. ತುಂಡುಗೆರೆಗಳ ನಡುವಿನ ಅಂತರವೂ ಕೆಲವೊಮ್ಮೆ ಬದಲಾಗುವುದರಿಂದ ಪ್ರತಿ ಗ್ರಾಫನ್ನೂ ಮೂಲದೊಂದಿಗೆ ಹೋಲಿಸಿ ನೋಡುವುದು ಅಗತ್ಯ. ಇನ್ನೊಂದು ಮಾತು ಗಾತ್ರದ್ದು. ಬೈಂಡಿಂಗ್‌ಗಾಗಿ ಎಡಕ್ಕೆ ಒಂದೂವರೆ ಅಂಗುಲ, ಬಲಕ್ಕೆ ಒಂದು ಅಂಗುಲ ಬಿಟ್ಟರೆ 21 ಸೆಂ.ಮೀ. ಅಗಲದ ಎ4 ಹಾಳೆಯಲ್ಲಿ ನಮಗೆ ಉಳಿಯುವುದು ಸುಮಾರು 14.6 ಸೆಂ.ಮೀ. ಗ್ರಾಫನ್ನು ಬರೆಯುವ ತಂತ್ರಾಂಶದಲ್ಲಿಯೇ ಆ ಅಗಲವನ್ನು ಹೇಳಿ, ಅಕ್ಷರಗಳನ್ನು 9 ಅಥವಾ 10 ಪಾಯಿಂಟ್‌ಗೆ ಇಟ್ಟರೆ ವರ್ಡ್‌ನಲ್ಲಿ ಹಿಗ್ಗಿಸುವ, ಕುಗ್ಗಿಸುವ ಪ್ರಸಂಗವೇ ಬರುವುದಿಲ್ಲ, 31 ಗ್ರಾಫ್‌ಗಳಲ್ಲೂ ಅಕ್ಷರ ಒಂದೇ ಅಳತೆಯಲ್ಲಿರುತ್ತದೆ.

ಬೇರೆ ತಂತ್ರಾಂಶ ಬಳಸುವವರ ದಾರಿ ಇದಕ್ಕಿಂತ ಸುಲಭ. ಗ್ನೂಪ್ಲಾಟ್ ಇಎಂಎಫ್ ಅನ್ನೂ ಎಸ್‌ವಿಜಿಯನ್ನೂ ತಾನೇ ಬರೆಯುತ್ತದೆ. ಆರ್ ಬಳಸುವವರು ವಿಂಡೋಸ್‌ನಲ್ಲಿ ಮೆಟಾಫೈಲ್ ಆಗಿ ಉಳಿಸಬಹುದು. ಸಮಾಜ ವಿಜ್ಞಾನಗಳ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಎಸ್‌ಪಿಎಸ್‌ಎಸ್‌ನಲ್ಲಿ ಗ್ರಾಫ್‌ಗಳನ್ನು ಇಎಂಎಫ್ ಆಗಿ ಹೊರಗೆ ಕಳುಹಿಸುವ ಸೌಲಭ್ಯವಿದೆ. ಎಕ್ಸೆಲ್‌ನ ಗ್ರಾಫನ್ನು ನಕಲಿಸಿ ವರ್ಡ್‌ನಲ್ಲಿ ಅಂಟಿಸಿದರೆ ಅದು ಗೆರೆಗಳಾಗಿಯೇ ಬರುತ್ತದೆ, ಪೇಸ್ಟ್ ಸ್ಪೆಷಲ್‌ನಲ್ಲಿ ಎನ್ಹಾನ್ಸ್ಡ್ ಮೆಟಾಫೈಲ್ ಆರಿಸಿದರೆ ಅಂಕಿಗಳ ಸಂಬಂಧ ಕಡಿದ ಸ್ಥಿರ ಚಿತ್ರವಾಗಿ ಬರುತ್ತದೆ. ಹೀಗಿರುವಾಗ ಎಕ್ಸೆಲ್ ಪರದೆಯ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದು ಪ್ರಬಂಧಕ್ಕೆ ಹಚ್ಚುವುದನ್ನು ದಯವಿಟ್ಟು ಮಾರ್ಗದರ್ಶಕರು ನಿಲ್ಲಿಸಬೇಕು. ವರ್ಡ್ ಕೊಳ್ಳಲಾಗದವರು ಲಿಬ್ರೆಆಫೀಸ್ ಬಳಸಬಹುದು, ಅದು ಎಸ್‌ವಿಜಿ, ಇಎಂಎಫ್ ಎರಡನ್ನೂ ಸ್ವೀಕರಿಸುತ್ತದೆ.

ಎಲ್ಲ ಚಿತ್ರಗಳೂ ವೆಕ್ಟರ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಉಪಗ್ರಹದ ಚಿತ್ರ, ಹೊಲದ ಛಾಯಾಚಿತ್ರ, ತಾಳೆಗರಿಯ ಸ್ಕ್ಯಾನ್ ಇವು ಚುಕ್ಕಿಗಳಾಗಿಯೇ ಇರಬೇಕು, ಅವಕ್ಕೆ 300 ಡಿಪಿಐ ನಿಯಮ ಸರಿಯಾದದ್ದೇ. ಲಕ್ಷಗಟ್ಟಲೆ ಬಿಂದುಗಳ ಗ್ರಾಫ್ ಇದ್ದರೆ ಪ್ರತಿ ಬಿಂದುವೂ ಒಂದೊಂದು ಸೂಚನೆಯಾಗಿ ಕಡತ ಭಾರವಾಗಿ ವರ್ಡ್ ತೆವಳತೊಡಗುತ್ತದೆ. ಅಂಥಲ್ಲಿ ಬಿಂದುಗಳ ಪದರವನ್ನು ಮಾತ್ರ 600 ಡಿಪಿಐನ ಚುಕ್ಕಿಚಿತ್ರ ಮಾಡಿ, ಅಕ್ಷ ಮತ್ತು ಅಕ್ಷರಗಳನ್ನು ಗೆರೆಯಾಗಿ ಉಳಿಸುವ ಸೌಲಭ್ಯ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿದೆ. ಚುಕ್ಕಿಚಿತ್ರಗಳು ಇರುವ ಪ್ರಬಂಧದಲ್ಲಿ ವರ್ಡ್‌ನ ಅಡ್ವಾನ್ಸ್‌ಡ್ ಆಯ್ಕೆಗಳೊಳಗೆ ಹೋಗಿ, ಚಿತ್ರಗಳನ್ನು ಹಿಂಡಬೇಡ ಎಂಬ ಚೌಕಕ್ಕೆ ಗುರುತು ಹಾಕಿಕೊಳ್ಳಬೇಕು. ಕೊನೆಯಲ್ಲಿ ಪಿಡಿಎಫ್ ಮಾಡಿದ ಮೇಲೆ ಅದನ್ನು 800 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದರೆ ಸಾಕು: ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಫೋಟೋ, ಚೊಕ್ಕಟವಾಗಿ ಉಳಿದರೆ ಅದು ಗೆರೆ.

ಈ ಪರೀಕ್ಷೆ ಮುಖ್ಯವಾಗಲು ಇನ್ನೊಂದು ಕಾರಣವಿದೆ. ಪಿಎಚ್.ಡಿ. ಪ್ರಬಂಧಗಳ ಗಣಕ ಪ್ರತಿಗಳು ಈಗ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಭಂಡಾರವನ್ನು ಸೇರುತ್ತವೆ. ಮುಂದೆ ಆಲಮಟ್ಟಿಯ ಹಿನ್ನೀರಿನ ಬಗ್ಗೆ ಯಾರೇ ಅಧ್ಯಯನ ಮಾಡಲಿ, ಅವರು ಓದುವುದು ಗ್ರಂಥಾಲಯದ ಕಪಾಟಿನ ಪ್ರತಿಯನ್ನಲ್ಲ, ಮೊಬೈಲ್ ಅಥವಾ ಲ್ಯಾಪ್‌ಟಾಪ್ ಪರದೆಯ ಮೇಲಿನ ಆ ಪಿಡಿಎಫ್ ಅನ್ನು. ಅಲ್ಲಿ ಗ್ರಾಫನ್ನು ಹಿಗ್ಗಿಸಿ ಆಗಸ್ಟ್ ತಿಂಗಳ ಯಾವ ವಾರದಲ್ಲಿ ನೀರು 519 ಮೀಟರ್ ದಾಟಿತು ಎಂದು ಓದಲು ಸಾಧ್ಯವಾಗಬೇಕು. ಮಬ್ಬು ಜೆಪೆಗ್ ಒಮ್ಮೆ ಅಲ್ಲಿ ಸೇರಿದರೆ ಅದನ್ನು ತಿದ್ದಲು ಯಾರೂ ಹಿಂದಿರುಗುವುದಿಲ್ಲ.

ತಾಂತ್ರಿಕ ಶಿಕ್ಷಣದ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ, ತೋಟಗಾರಿಕೆಯದು ಬಾಗಲಕೋಟೆಯಲ್ಲಿ, ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಲ್ಲಿ ಇವೆ; ಇಷ್ಟೊಂದು ಸಂಶೋಧನೆ ನಡೆಯುವ ಪ್ರದೇಶ ನಮ್ಮದು. ಆದ್ದರಿಂದ ಈ ಭಾಗದಲ್ಲಿ ಪ್ರಬಂಧಗಳ ಮಾರ್ಗಸೂಚಿ ಬರೆಯುವ ಎಲ್ಲ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು: ಎಲ್ಲ ಚಿತ್ರಗಳಿಗೂ ಒಂದೇ ಜೆಪೆಗ್ ನಿಯಮ ಹೇರುವುದನ್ನು ಬಿಟ್ಟು, “ಛಾಯಾಚಿತ್ರಗಳು 300 ಡಿಪಿಐ ಇರಲಿ, ಅಂಕಿಗಳಿಂದ ಬರೆದ ಗ್ರಾಫ್‌ಗಳು ಎಸ್‌ವಿಜಿ ಅಥವಾ ಇಎಂಎಫ್ ರೂಪದಲ್ಲಿ ಸೇರಿಸಲ್ಪಟ್ಟಿರಲಿ, ಅಕ್ಷರಗಳು ಯೂನಿಕೋಡ್ ಕನ್ನಡದಲ್ಲಿರಲಿ” ಎಂಬ ಒಂದು ವಾಕ್ಯವನ್ನು ಸೇರಿಸಬೇಕು. ಪಿಎಚ್.ಡಿ. ನೋಂದಣಿಯಾದ ಮೇಲೆ ನಡೆಯುವ ಸಂಶೋಧನಾ ವಿಧಾನದ ಕೋರ್ಸ್‌ವರ್ಕ್‌ನಲ್ಲಿ ಅರ್ಧ ದಿನ ಇದಕ್ಕೆ ಮೀಸಲಿಟ್ಟು, ವಿದ್ಯಾರ್ಥಿಗಳು ತಮ್ಮದೇ ಒಂದು ಗ್ರಾಫನ್ನು ತಾವೇ ಪುಟಕ್ಕೆ ತಂದು ಮುದ್ರಿಸಿ ನೋಡುವಂತೆ ಮಾಡಬೇಕು. ಆ ತರಗತಿಗೆ ಊರಿನ ಡಿಟಿಪಿ ಕೇಂದ್ರಗಳವರನ್ನೂ ಕರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಪ್ರಬಂಧದ ಕೊನೆಯ ರೂಪ ನಿರ್ಧಾರವಾಗುವುದು ಅವರ ಮೇಜಿನ ಮೇಲೆ.

ಆ ವಿದ್ಯಾರ್ಥಿನಿ ಎರಡು ಸಂಜೆಗಳಲ್ಲಿ 31 ಗ್ರಾಫ್‌ಗಳನ್ನೂ ಹೀಗೆ ಹೊಸದಾಗಿ ಮಾಡಿ, ತಿದ್ದಿದ ಪ್ರತಿಗಳನ್ನು ಸಲ್ಲಿಸಿದ್ದಾಳೆ. ತಾನು ಬರೆದುಕೊಂಡ ಹಂತಗಳ ಎರಡು ಪುಟದ ಟಿಪ್ಪಣಿಯನ್ನು ಅವಳು ಆ ಡಿಟಿಪಿ ಕೇಂದ್ರದ ಗೋಡೆಗೆ ಅಂಟಿಸಿ ಬಂದಿದ್ದಾಳೆ, ಬೇಕಾದವರು ಅದರ ಝೆರಾಕ್ಸ್ ತೆಗೆದುಕೊಂಡು ಹೋಗುತ್ತಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ,
ನವನಗರ, ಬಾಗಲಕೋಟೆ